ಕನಸಿನ ಕೆಲಸಕ್ಕೂ ಒಂದು ಮಳೆಗಾಲ ಉಂಟು: ಹಡಗು, ನೇತ್ರಾಣಿ, ಕೈಗಾ, ದೋಟಿ

ಅಂಕೋಲಾ ಉಪನ್ಯಾಸಕಿ:
ದ್ವಿತೀಯ ಪಿಯು ವಿಜ್ಞಾನದ ಮಕ್ಕಳಿಗೆ ನಿಮ್ಮ ಕನಸಿನ ಕೆಲಸ ಯಾವುದು ಎಂದು ಕೇಳಿದರೆ ನಮ್ಮ ಕಡೆ ಮೂರು ಉತ್ತರ ಖಾಯಂ: ಹಡಗಿನ ಕೆಲಸ, ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಹೇಳಿಕೊಡೋದು, ಇಲ್ಲಾ ಕೈಗಾ ಅಣು ವಿದ್ಯುತ್ ಸ್ಥಾವರ. ಘಟ್ಟದ ಮೇಲಿನವರು ಅರಣ್ಯ ಇಲಾಖೆಯನ್ನೂ ಸೇರಿಸ್ತಾರೆ. ಈ ಕೆಲಸಗಳಿಗೆ ಸೇರೋದು ಹೇಗೆ, ದಿನ ಹೇಗೆ ಕಳೆಯುತ್ತದೆ, ಎಲ್ಲಿ ಎಡವುತ್ತಾರೆ ಅನ್ನೋದನ್ನು ಬಲ್ಲವರು ಬರೆಯಿರಿ. "ಬೇಡ, ಕಷ್ಟ" ಎಂದು ಒಂದೇ ಸಾಲಲ್ಲಿ ಮುಗಿಸಬೇಡಿ. ತರಗತಿಯಲ್ಲಿ ಓದಿ ಹೇಳುವ ಹಾಗಿರಲಿ.

ಬೈತಖೋಲ:
ಹಡಗಿನದ್ದು ಮೊದಲು ಹೇಳ್ತೇನೆ ಟೀಚರ್, ಜನ ದುಡ್ಡು ಕಳಕೊಳ್ಳೋದು ಅಲ್ಲೇ ಹೆಚ್ಚು.

ಮರ್ಚೆಂಟ್ ನೇವಿ ಅಂದರೆ ಒಂದೇ ಬಾಗಿಲಲ್ಲ. ಎಸ್ಸೆಸ್ಸೆಲ್ಸಿ ಮೇಲೆ 6 ತಿಂಗಳ ಜಿಪಿ ರೇಟಿಂಗ್ ಕೋರ್ಸ್ ಉಂಟು, ಅದು ಖಲಾಸಿ ಕೆಲಸಕ್ಕೆ. ಆಫೀಸರ್ ಆಗಬೇಕಂದ್ರೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 60%, ಇಂಗ್ಲಿಷಲ್ಲಿ 50% ಇಟ್ಟುಕೊಂಡು ಐಎಂಯು-ಸಿಇಟಿ (ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ) ಬರೀಬೇಕು. ಒಂದು ವರ್ಷದ ಡಿಎನ್‌ಎಸ್ (ನೌಕಾಯಾನದ ಡಿಪ್ಲೊಮಾ) ಮುಗಿಸಿದವ 18 ತಿಂಗಳು ಹಡಗಿನಲ್ಲಿ ಕೆಡೆಟ್ ಆಗಿ ದುಡಿದ ಮೇಲೆ ಸೆಕೆಂಡ್ ಮೇಟ್ ಅನ್ನೋ ಆಫೀಸರ್ ಪರೀಕ್ಷೆಗೆ ಕೂರಬಹುದು.

ಎಡವೋದು ಎಲ್ಲಿ ಅಂದರೆ, ಕಂಪನಿಯ ಸ್ಪಾನ್ಸರ್‌ಶಿಪ್ ಇಲ್ಲದೆ ಕೋರ್ಸಿಗೆ ಫೀಸು ಕಟ್ಟಿಬಿಡೋದು. ಆ 18 ತಿಂಗಳು ಹತ್ತಿಸಿಕೊಳ್ಳುವ ಹಡಗು ಸಿಗದಿದ್ದರೆ ಕೈಯಲ್ಲಿರುವ ಸರ್ಟಿಫಿಕೇಟು ಮುಂದೆ ಹೋಗೋದೇ ಇಲ್ಲ. ಹಾಗಾಗಿ ಮೊದಲು ಸ್ಪಾನ್ಸರ್ ಲೆಟರ್, ಆಮೇಲೆ ಅಡ್ಮಿಷನ್. ಅದಕ್ಕೂ ಮೊದಲು ಕಣ್ಣು. ಹಡಗು ನಡೆಸುವ ಡೆಕ್ ವಿಭಾಗಕ್ಕೆ ಕನ್ನಡಕವಿಲ್ಲದೆ 6/6 ದೃಷ್ಟಿ ಬೇಕು, ಬಣ್ಣಗುರುಡು ಇರಲೇಬಾರದು. ರಾತ್ರಿ ಎದುರಿನ ಹಡಗಿನ ಕೆಂಪು ದೀಪ, ಹಸಿರು ದೀಪ ನೋಡಿಯೇ ಅದು ಯಾವ ಕಡೆ ಹೋಗ್ತಾ ಉಂಟು ಅಂತ ತಿಳಿಯೋದು. ಡಿಜಿ ಶಿಪ್ಪಿಂಗ್ (ಕೇಂದ್ರದ ಹಡಗು ನಿರ್ದೇಶನಾಲಯ) ಮಾನ್ಯತೆ ಇರುವ ಡಾಕ್ಟರ ಹತ್ತಿರ ತಪಾಸಣೆ ಮಾಡಿಸದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

"ಸಿಡಿಸಿ ಮಾಡಿಸಿ ಹಡಗು ಹತ್ತಿಸ್ತೇವೆ, ಇಷ್ಟು ಲಕ್ಷ ಕೊಡಿ" ಅನ್ನೋ ಏಜೆಂಟರನ್ನು ಮನೆಯೊಳಗೇ ಬಿಟ್ಟುಕೊಳ್ಳಬೇಡಿ. ಸಿಡಿಸಿ ಅಂದರೆ ನಾವಿಕನ ಗುರುತಿನ ಪುಸ್ತಕ, ಕೆಲಸದ ಆದೇಶ ಅಲ್ಲ. ಹಡಗಿಗೆ ಜನ ಕಳಿಸುವ ಕಂಪನಿಗೆ ಆರ್‌ಪಿಎಸ್‌ಎಲ್ ಲೈಸೆನ್ಸಿನ ನಂಬರ್ ಇರಲೇಬೇಕು, ಡಿಜಿ ಶಿಪ್ಪಿಂಗ್ ಪಟ್ಟಿಯಲ್ಲಿ ಅದನ್ನು ನೋಡಬಹುದು. ಎಂಎಲ್‌ಸಿ 2006 ಎಂಬ ನಾವಿಕರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ಮೆಡಿಕಲ್, ಸಿಡಿಸಿ ಖರ್ಚು ಮಾತ್ರ ಅವನದ್ದು.

ಗಂಗಾವಳಿ:
ಸೇರೋ ದಾರಿ ಆಯ್ತು, ದಿನದ ಕೆಲಸ ಹೇಳಿ. ಮಕ್ಕಳು ನೋಡೋದು ಬಿಳಿ ಯೂನಿಫಾರ್ಮು, ಸಿಂಗಾಪುರದ ಫೋಟೊ.

ಬೈತಖೋಲ:
ಖಲಾಸಿಯ ದಿನ ಹೆಚ್ಚಿನಂಶ ತುಕ್ಕಿನ ಜೊತೆ ಹೋಗ್ತದೆ. ಚಿಪ್ಪಿಂಗ್ ಸುತ್ತಿಗೆಯಲ್ಲಿ ತುಕ್ಕು ಉದುರಿಸಿ, ವೈರ್ ಬ್ರಷ್ ಹಾಕಿ, ಸಿಹಿನೀರಲ್ಲಿ ಉಪ್ಪು ತೊಳೆದು, ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ಉಪ್ಪು ತೊಳೆಯದೆ ಬಣ್ಣ ಬಳಿದರೆ ಕೆಲವೇ ವಾರದಲ್ಲಿ ಗುಳ್ಳೆ ಎದ್ದು ಅದೇ ಜಾಗ ಮತ್ತೆ ಕೆರೆಯಬೇಕು. ಆಫೀಸರಿಗೆ 4 ಗಂಟೆ ವಾಚ್ (ನಿಗಾ ಪಾಳಿ), 8 ಗಂಟೆ ಬಿಡುವು, ಮತ್ತೆ 4 ಗಂಟೆ ವಾಚ್. ಬಂದರು ಬಂದಾಗ ಈ ಲೆಕ್ಕ ಏರುಪೇರು. ಆದರೂ 24 ಗಂಟೆಯಲ್ಲಿ 10 ಗಂಟೆ, 7 ದಿನದಲ್ಲಿ 77 ಗಂಟೆ ವಿಶ್ರಾಂತಿ ಕೊಡಲೇಬೇಕೆಂಬ ನಿಯಮ ಉಂಟು.

ಅಪಾಯ ಹೆಚ್ಚಿರೋದು ಬಿರುಗಾಳಿಗಿಂತ ಹಡಗು ಕಟ್ಟುವ ಹೊತ್ತಲ್ಲಿ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ತುಂಡಾದರೆ ಅದರಲ್ಲಿದ್ದ ಬಿಗಿಯೆಲ್ಲ ಒಮ್ಮೆಲೇ ಬಿಟ್ಟು, ತುದಿ ಬಂದ ದಾರಿಯಲ್ಲೇ ಹಿಂದಕ್ಕೆ ಹೊಡೀತದೆ. ಕಾಲು ಮುರಿಯೋದು ಸಣ್ಣ ಮಾತು, ಜೀವವೇ ಹೋಗ್ತದೆ. ಹಗ್ಗದ ನೇರಕ್ಕೆ ನಿಲ್ಲಬಾರದು, ಸುರುಳಿಯೊಳಗೆ ಕಾಲಿಡಬಾರದು. ಮೊದಲ ದಿನವೇ ಕಲೀಬೇಕಾದ್ದು ಇದು.

ಸಂಬಳದ ಬಗ್ಗೆ ಒಂದು ಮಾತು. ಹೆಚ್ಚಿನ ಕಂಪನಿಗಳಲ್ಲಿ ಹಡಗಿನಲ್ಲಿದ್ದ ತಿಂಗಳಿಗೆ ಮಾತ್ರ ಸಂಬಳ. ಖಲಾಸಿಗೆ 6ರಿಂದ 9 ತಿಂಗಳ ಕಾಂಟ್ರಾಕ್ಟ್, ಇಳಿದು ಮನೆಯಲ್ಲಿದ್ದಷ್ಟು ದಿನ ಶೂನ್ಯ. ತಿಂಗಳ ಸಂಬಳವನ್ನು 12ರಿಂದ ಗುಣಿಸಿ ಸಾಲ ಮಾಡುವವರು ಇಲ್ಲಿಯೇ ಸಿಕ್ಕಿಬೀಳೋದು.

ಮುರ್ಡೇಶ್ವರ ಬೋಟ್:
ಅದೇ ಮಾತು ಡೈವಿಂಗಿಗೂ ಹೊಂದುತ್ತದೆ, ಅಲ್ಲಿ ಇನ್ನೂ ಖಡಕ್ಕಾಗಿ. ನೇತ್ರಾಣಿ ದಂಡೆಯಿಂದ ಸುಮಾರು 10 ನಾಟಿಕಲ್ ಮೈಲು. ಅಕ್ಟೋಬರಿನಿಂದ ಮೇ ತನಕ ದೋಣಿ ಹೋಗುತ್ತದೆ, ಮಳೆ ಹಿಡಿದರೆ ಬಂದ್. ಇನ್‌ಸ್ಟ್ರಕ್ಟರಿಗೆ ಎಷ್ಟೋ ಕಡೆ ಡೈವ್ ಲೆಕ್ಕದಲ್ಲಿ ದುಡ್ಡು. ಜೂನ್‌ನಿಂದ ಸೆಪ್ಟೆಂಬರ್ ಹೇಗೆ ಕಳೀತೀಯಾ ಎಂಬ ಪ್ರಶ್ನೆಗೆ ಉತ್ತರವಿಲ್ಲದವ ಈ ಕೆಲಸದಲ್ಲಿ ಹೆಚ್ಚು ವರ್ಷ ನಿಲ್ಲುವುದಿಲ್ಲ. ಅಂಡಮಾನಿಗೆ ಹೋಗ್ತೇನೆ ಅಂದರೆ ಅಲ್ಲೂ ಅದೇ ಮುಂಗಾರು, ಅದೇ ಹೊತ್ತಿಗೆ ಸೀಸನ್ ಇಳಿಯುತ್ತದೆ. ಪೂರ್ವ ಕರಾವಳಿಗೆ ದೊಡ್ಡ ಮಳೆ ಹಿಂಗಾರಿನಲ್ಲಿ, ಹಾಗಾಗಿ ಪುದುಚೇರಿ ಕಡೆ ಕೇಳಿ ನೋಡಬಹುದು.

ದರ್ಜೆಗಳು ಹೀಗಿವೆ: ಓಪನ್ ವಾಟರ್ (18 ಮೀಟರ್ ತನಕ), ಅಡ್ವಾನ್ಸ್ಡ್ (30 ಮೀಟರ್), ರೆಸ್ಕ್ಯೂ, ಡೈವ್‌ಮಾಸ್ಟರ್, ಇನ್‌ಸ್ಟ್ರಕ್ಟರ್. ಡೈವಿಂಗ್ ಸರ್ಟಿಫಿಕೇಟ್ ಕೊಡುವ ಪ್ಯಾಡಿ ಸಂಸ್ಥೆಯ ಲೆಕ್ಕದಲ್ಲಿ ಡೈವ್‌ಮಾಸ್ಟರ್ ಕೋರ್ಸ್ ಶುರು ಮಾಡಲು 40 ಡೈವ್, ಮುಗಿಸಲು 60, ಇನ್‌ಸ್ಟ್ರಕ್ಟರ್ ಪರೀಕ್ಷೆಗೆ 100 ಡೈವ್ ಲಾಗ್ ಆಗಿರಬೇಕು. ಪ್ರತಿ ಹಂತಕ್ಕೂ ಹಣ ಬೇಕು. "ಕೆಲಸ ಮಾಡ್ತಾ ಕಲಿ" ಎಂದು ಕರೆಸಿಕೊಂಡು ಸೀಸನ್ ಪೂರ್ತಿ ಸಿಲಿಂಡರ್ ಹೊರಿಸಿ ಕಳಿಸುವುದೂ ನಡೆಯುತ್ತದೆ. ಎಷ್ಟು ಡೈವ್ ಕೊಡ್ತೀರಿ, ಸರ್ಟಿಫಿಕೇಟ್ ಶುಲ್ಕ ಯಾರದ್ದು ಎಂದು ಮೊದಲೇ ಬರೆಸಿಕೊಳ್ಳಿ.

ಗಂಗಾವಳಿ:
ನೀರಿನ ಕೆಳಗಿನ ಕೆಲಸವೇ ಮೈಮನಸ್ಸಿಗೆ ಖುಷಿ ಕೊಟ್ಟರೆ ನಾಲ್ಕು ತಿಂಗಳ ಬಿಡುವನ್ನು ಯಾಕೆ ದೂಷಿಸಬೇಕು? 18 ವಯಸ್ಸಿಗೆ ಎರಡು ಸೀಸನ್ ಮಾಡಿ ನೋಡಿದರೆ ಏನೂ ಮುಳುಗೋದಿಲ್ಲ.

ಮುರ್ಡೇಶ್ವರ ಬೋಟ್:
ಎರಡು ಸೀಸನ್ ಮಾಡಲಿ ಅಕ್ಕ, ನಾನೂ ಅದನ್ನೇ ಹೇಳ್ತೇನೆ. ಆದರೆ ಖುಷಿಯ ಪಾಲು ಎಷ್ಟು ಎಂದು ಗೊತ್ತಿರಲಿ. ನೇತ್ರಾಣಿಗೆ ಬರುವವರಲ್ಲಿ ಬಹಳಷ್ಟು ಜನ ಈಜು ಬಾರದವರು, ಮೊದಲ ಸಲ ನೀರಿಗಿಳಿಯುವವರು. ಇನ್‌ಸ್ಟ್ರಕ್ಟರ್ ಮೀನು ನೋಡುವುದಿಲ್ಲ, ಅವರ ಕಣ್ಣು ನೋಡುತ್ತಾನೆ. ಗಾಬರಿಯಾದವನ ಕಣ್ಣು ಮೊದಲು ಅಗಲವಾಗುತ್ತದೆ, ಆಮೇಲೆ ಉಸಿರು ಜೋರಾಗುತ್ತದೆ, ಆಮೇಲೆ ಕೈ ಬಾಯಲ್ಲಿರುವ ರೆಗ್ಯುಲೇಟರಿಗೆ, ಅಂದರೆ ಉಸಿರಾಡುವ ಸಾಧನಕ್ಕೆ ಹೋಗುತ್ತದೆ. ಕೈ ಅಲ್ಲಿಗೆ ತಲುಪುವ ಮೊದಲೇ ಹಿಡಿದುಕೊಳ್ಳಬೇಕು.

ಗಾಳಿಯ ಲೆಕ್ಕ: 11 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿದರೆ 2200 ಲೀಟರ್ ಗಾಳಿ. ಕೊನೆಯ 50 ಬಾರ್ ಮೀಸಲು, ಮುಟ್ಟುವಂತಿಲ್ಲ, ಬಳಸಲು ಉಳಿಯೋದು 1650 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವ 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುವುದರಿಂದ 40 ಎಳೆಯುತ್ತಾನೆ. ಅಂದರೆ 41 ನಿಮಿಷ. ಗಾಬರಿಯಾದವನಿಗೆ ಅದರ ಅರ್ಧವೂ ಬರುವುದಿಲ್ಲ.

ಮೈಗೆ ಬೀಳುವ ಪೆಟ್ಟು ಕಿವಿಗೆ. ಒತ್ತಡ ಅತಿ ಬೇಗ ಬದಲಾಗುವುದು ಮೇಲಿನ 10 ಮೀಟರಿನಲ್ಲೇ, ಹೊಸಬರ ಜೊತೆ ದಿನಕ್ಕೆ ಹಲವು ಸಲ ಇಳಿದು ಹತ್ತುವುದೂ ಅಲ್ಲೇ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ನೆಗಡಿ ಇದ್ದರೆ ಕಿವಿ ಬಿಡುವುದಿಲ್ಲ, ಒತ್ತಾಯ ಮಾಡಿದರೆ ತಮಟೆ ಒಡೆಯುತ್ತದೆ. ನೆಗಡಿಯಾದ ವಾರ ದುಡಿಮೆಯೂ ಇಲ್ಲ. ಕೆಲಸಕ್ಕೆ ಸೇರುವ ಮುಂಚೆ ಸೆಂಟರಿನಲ್ಲಿ ಎರಡು ವಿಷಯ ನೋಡಿ. ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಪೈಪು ಡೀಸೆಲ್ ಹೊಗೆಯಿಂದ ದೂರ ಇದೆಯೇ? ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ? ಹೊಗೆ ಸೇರಿದ ಗಾಳಿ ಸಿಲಿಂಡರಿಗೆ ಹೋದರೆ ಆಳದಲ್ಲಿ ಅದು ವಿಷ.

ಮಲ್ಲಾಪುರ ಶಿಫ್ಟ್:
ಮಳೆಗಾಲದಲ್ಲೂ ಸಂಬಳ ನಿಲ್ಲದ ಕೆಲಸ ಬೇಕಾದವರಿಗೆ ಕೈಗಾ. 220 ಮೆಗಾವ್ಯಾಟಿನ 4 ಘಟಕಗಳು. ಪಿಯುಸಿ ಪಿಸಿಎಂನಲ್ಲಿ 50% ಇದ್ದವರು, ಐಟಿಐ ಆದವರು ಸ್ಟೈಪೆಂಡರಿ ಟ್ರೈನಿ (ಭತ್ಯೆ ಕೊಟ್ಟು ತರಬೇತಿ) ಎರಡನೇ ವರ್ಗಕ್ಕೆ ಅರ್ಜಿ ಹಾಕಬಹುದು. ಡಿಪ್ಲೊಮಾ, ಬಿಎಸ್ಸಿ ಆದವರಿಗೆ ಮೊದಲನೇ ವರ್ಗ. ಎಂಜಿನಿಯರುಗಳಿಗೆ ಗೇಟ್ ಪರೀಕ್ಷೆಯ ಅಂಕ. ಎರಡನೇ ವರ್ಗದ ಪ್ರಾಥಮಿಕ ಪರೀಕ್ಷೆಯಲ್ಲಿ 1 ಗಂಟೆಗೆ 50 ಪ್ರಶ್ನೆ: ಗಣಿತ 20, ವಿಜ್ಞಾನ 20, ಸಾಮಾನ್ಯ ಜ್ಞಾನ 10. ಸರಿಗೆ 3 ಅಂಕ, ತಪ್ಪಿಗೆ 1 ಕಡಿತ. ಊಹೆ ಮಾಡಿ ಎಲ್ಲಕ್ಕೂ ಗುರುತು ಹಾಕುವವರು ಇಲ್ಲೇ ಹೊರಬೀಳ್ತಾರೆ. ಅಧಿಸೂಚನೆ ಪ್ರತಿ ವರ್ಷ ಬರುತ್ತದೆ ಎಂದು ನಂಬಿ ಬೇರೆ ಓದು ಬಿಡಬೇಡಿ, ಎರಡನೇ ವರ್ಗಕ್ಕೆ ಸಾಮಾನ್ಯ ವಯೋಮಿತಿ 24.

ಕೆಲಸ ಪಾಳಿಯಲ್ಲಿ. ರಾತ್ರಿ ಪಾಳಿ ವರ್ಷಗಟ್ಟಲೆ ತಿರುಗುತ್ತಲೇ ಇರುತ್ತದೆ, ನಿದ್ದೆ ಒಗ್ಗದವರಿಗೆ ಹಿಂಸೆ. ವಿಕಿರಣದ ಹೆದರಿಕೆಗೆ ಉತ್ತರ ಅಂಕಿಯಲ್ಲಿದೆ: ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರುವಂತಿಲ್ಲ. ಎದೆಗೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್. ಭಾರಜಲದ ರಿಯಾಕ್ಟರಿನಲ್ಲಿ ಟ್ರಿಟಿಯಂ (ವಿಕಿರಣ ಸೂಸುವ ಜಲಜನಕ) ಇರುವುದರಿಂದ ಮೂತ್ರ ಪರೀಕ್ಷೆಯೂ ಉಂಟು. ಕೆಲವು ಜಾಗಕ್ಕೆ ಗಾಳಿ ಪೈಪು ಜೋಡಿಸಿದ ಪ್ಲಾಸ್ಟಿಕ್ ಸೂಟ್ ತೊಟ್ಟೇ ಹೋಗಬೇಕು. ಅದರೊಳಗೆ ಬೆವರಿ ಸ್ಪ್ಯಾನರ್ ತಿರುಗಿಸುವ ಕೆಲಸವನ್ನು ಕಂಟ್ರೋಲ್ ರೂಮಿನ ಚಿತ್ರದಲ್ಲಿ ತೋರಿಸುವುದಿಲ್ಲ. ಕೈಗಾ 1ನೇ ಘಟಕ 2018ರ ಡಿಸೆಂಬರ್ 31ಕ್ಕೆ 962 ದಿನ ಸತತ ನಡೆದು ಆಗ ವಿಶ್ವದಾಖಲೆ ಮಾಡಿತು. ಘಟಕ ನಿಂತಾಗ ಮಾತ್ರ ಮಾಡಬಲ್ಲ ದುರಸ್ತಿ ಎಲ್ಲ ಒಟ್ಟಿಗೆ ಬರುತ್ತದೆ, ಆಗ ಮೇಂಟೆನೆನ್ಸಿನವರಿಗೆ ಹಬ್ಬ ಹುಣ್ಣಿಮೆ ಯಾವುದೂ ಇಲ್ಲ.

ಇನ್ನೊಂದು, ಕಾರವಾರದ ನೌಕಾ ಹಡಗು ದುರಸ್ತಿ ಯಾರ್ಡಿನ ಅಪ್ರೆಂಟಿಸ್ ತರಬೇತಿಯನ್ನು ಖಾಯಂ ನೌಕರಿ ಎಂದು ತಿಳಿಯಬೇಡಿ. ತರಬೇತಿ ಒಳ್ಳೆಯದೇ, ಆದರೆ ನೌಕರಿಗೆ ಮತ್ತೆ ಬೇರೆ ಅರ್ಜಿ, ಬೇರೆ ಪರೀಕ್ಷೆ.

ಸೋಂದಾ ತೋಟ:
ಇಷ್ಟು ಹೊತ್ತು ಎಲ್ಲರೂ ಮಳೆಗಾಲವನ್ನು ದುಡಿಮೆ ಇಲ್ಲದ ಕಾಲ ಎಂದೇ ಮಾತಾಡುತ್ತಿದ್ದೀರಿ. ಮಳೆಗಾಲವೇ ಸುಗ್ಗಿಯಾದ ಒಂದು ಕಸುಬು ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಆಳಿಲ್ಲದೆ ಒದ್ದಾಡುತ್ತಿದೆ: ಅಡಿಕೆಗೆ ಔಷಧಿ ಹೊಡೆಯುವುದು, ಕೊನೆ (ಅಡಿಕೆ ಗೊನೆ) ಕೊಯ್ಯುವುದು. ಮೇ ಕೊನೆಯಿಂದ ಆಗಸ್ಟ್ ತನಕ ಸಿಂಪಡಣೆ, ಆಮೇಲೆ ಮಾರ್ಚ್ ತನಕ ಕೊಯ್ಲು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರ ಮಕ್ಕಳು ಮರ ಹತ್ತಲು ಒಲ್ಲೆ ಅನ್ನುತ್ತಾರೆ, ಅದು ನ್ಯಾಯವೇ. ಈಗ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಬಂದಿದೆ, ನೆಲದಲ್ಲಿ ನಿಂತೇ ಹೊಡೆಯಬಹುದು, ಕೊಯ್ಯಬಹುದು. ಒಂದು ದೋಟಿ, ಪಂಪ್, ಪೈಪು, ಇಬ್ಬರು ಸಹಾಯಕರು ಇದ್ದರೆ ಅದು ಸ್ವಂತ ಉದ್ಯೋಗ.

ಗಂಗಾವಳಿ:
ಆದರೆ ಅದನ್ನು ಕನಸಿನ ಕೆಲಸ ಎಂದು ಯಾವ ಮಗು ಬರೆಯುತ್ತದೆ ಹೇಳಿ? ಮನೆಯವರೂ ಒಪ್ಪಬೇಕಲ್ಲ.

ಸೋಂದಾ ತೋಟ:
ಬರೆಯದಿರುವುದಕ್ಕೆ ಕಾರಣ ಅದರಲ್ಲಿ ವಿದ್ಯೆ ಇಲ್ಲ ಎಂಬ ತಿಳುವಳಿಕೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು. ಕಬ್ಬಿಣದ ಪಾತ್ರೆ ಕೂಡದು. ಸುಣ್ಣದ ತಿಳಿಗೆ ತುತ್ತದ ನೀರನ್ನು ಕದಡುತ್ತಾ ಸುರಿಯಬೇಕು. ಆಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಬೇಕು, ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಕಾಯಿ ಸುಡುತ್ತದೆ. ಮಾಡಿದ ದಿನವೇ ಮುಗಿಸಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನಕ್ಕೆ ಮತ್ತೊಂದು ಸಲ. ಎರಡನೆಯದು ತಡವಾದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಕೆಳಗೆ ನಿಂತವ ಕೊನೆಯ ಮೇಲೆ, ಕೆಳಗೆ, ಸುತ್ತ ಎಲ್ಲಾ ಕಡೆ ಔಷಧಿ ಬಿದ್ದಿದೆಯೋ ಎಂದು ಕಣ್ಣಳತೆಯಲ್ಲೇ ತಿಳಿಯಬೇಕು. ಇದು ವಿದ್ಯೆ ಅಲ್ಲದೆ ಮತ್ತೇನು?

ಬೈತಖೋಲ:
ದೋಟಿಯ ಅಪಾಯ ಹೇಳಲಿಲ್ಲ ನೀವು.

ಸೋಂದಾ ತೋಟ:
ಹೇಳಬೇಕಾದ್ದೇ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ತೋಟದ ಮೇಲೆ ಅಥವಾ ಅಂಚಿನಲ್ಲಿ ಲೈನ್ ಹಾದಿದ್ದರೆ, ದೋಟಿಯ ಉದ್ದಕ್ಕಿಂತ ದೂರ ಇರಬೇಕು ಅಥವಾ ಲೈನ್ ಬಂದ್ ಮಾಡಿಸಿಯೇ ಎತ್ತಬೇಕು. ಎತ್ತಿ ನಿಲ್ಲಿಸಿಕೊಂಡು ಓಡಾಡಬಾರದು, ಮರದಿಂದ ಮರಕ್ಕೆ ಹೋಗುವಾಗ ಮಡಚಬೇಕು. ಕುತ್ತಿಗೆ, ಭುಜದ ನೋವೂ ಸಹಜ, ದಿನವಿಡೀ ತಲೆ ಎತ್ತಿಯೇ ಇರಬೇಕಲ್ಲ. ಪ್ರಧಾನಮಂತ್ರಿ ಸುರಕ್ಷಾ ವಿಮೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಸಹಾಯಕರಿಗೂ ಮಾಡಿಸದೆ ಕೆಲಸ ಶುರು ಮಾಡಬಾರದು.

ಅರಣ್ಯದ್ದು ಚಿಕ್ಕದಾಗಿ: ಶಿರಸಿಯ ಅರಣ್ಯ ಕಾಲೇಜಿನಲ್ಲಿ 4 ವರ್ಷದ ಬಿಎಸ್ಸಿ, ಅದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಬೇಕು. ಇಲಾಖೆಯ ಕೆಲಸವೆಂದರೆ ಜನವರಿ-ಫೆಬ್ರವರಿಯಲ್ಲಿ ಬೆಂಕಿರೇಖೆ (ಕಾಡ್ಗಿಚ್ಚು ಹರಡದಂತೆ ಸವರಿದ ಪಟ್ಟಿ), ಜೂನ್-ಜುಲೈಯಲ್ಲಿ ನೆಡುತೋಪು, ಉಳಿದಂತೆ ಅತಿಕ್ರಮಣದ ಕಡತ, ಕೋರ್ಟು. ಹುಲಿ ನೋಡುವ ಆಸೆಯಿಂದ ಹೋದವರಿಗೆ ಜನರ ಜೊತೆಗಿನ ತಕರಾರೇ ಹೆಚ್ಚು ಸಿಗುತ್ತದೆ.

ಅಂಕೋಲಾ ಉಪನ್ಯಾಸಕಿ:
ಎಲ್ಲರಿಗೂ ಧನ್ಯವಾದ. ಒಂದು ಸಂದೇಹ ಉಳಿಯಿತು. ಡಿಎನ್‌ಎಸ್ ಬಯಸುವ ವಿದ್ಯಾರ್ಥಿನಿಗೆ ಕಣ್ಣು 6/6 ಇಲ್ಲ, ಕನ್ನಡಕ ಇದೆ. ಹಡಗಿನ ಆಸೆ ಬಿಡಬೇಕೇ?

ಬೈತಖೋಲ:
ಬಿಡಬೇಕಿಲ್ಲ ಟೀಚರ್. ಡೆಕ್ ಬಿಟ್ಟು ಎಂಜಿನ್ ಕಡೆ ನೋಡಲಿ, ಅಲ್ಲಿ ಮಿತಿಯೊಳಗಿನ ನಂಬರಿಗೆ ಕನ್ನಡಕ ನಡೀತದೆ. 4 ವರ್ಷದ ಬಿಟೆಕ್ ಮರೀನ್ ಎಂಜಿನಿಯರಿಂಗ್, ಅದೇ ಐಎಂಯು-ಸಿಇಟಿ. ಇಲ್ಲಾ ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿ 4 ತಿಂಗಳ ಇಟಿಒ (ಹಡಗಿನ ವಿದ್ಯುತ್ ಆಫೀಸರ್) ಕೋರ್ಸ್. ಎರಡನೆಯದರಲ್ಲಿ ಹಡಗು ಸಿಗದಿದ್ದರೂ ದಡದಲ್ಲಿ ಕೆಲಸಕ್ಕೆ ಬರುವ ಡಿಗ್ರಿ ಕೈಯಲ್ಲಿ ಇರ್ತದೆ. ಆದರೆ ಬಣ್ಣದ ತಪಾಸಣೆ ಈ ತಿಂಗಳೇ ಮಾಡಿಸಿ, ಸಿಇಟಿ ಅರ್ಜಿ ಹಾಕುವ ಮೊದಲು.