ಅಪ್ಪನ ಮಳೆ ಡೈರಿ ಆರ್ (R) ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕಿದೆ, ಜನವರಿಯಲ್ಲಿ 31 ಇಂಚು ಮಳೆ ಅಂತಿದೆ!

ಕಾಫಿಗಿಡ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ನಮ್ಮ ತೋಟದ ಮಳೆ ಲೆಕ್ಕವನ್ನೇ ತಗೊಂಡಿದ್ದೇನೆ. ನಮ್ಮದು ಮೂಡಿಗೆರೆ ಕಡೆ. ಅಪ್ಪ 1996ರಿಂದ ದಿನಾ ಬೆಳಿಗ್ಗೆ ಕಾಫಿ ಕಣದ ಪಕ್ಕ ಇರುವ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದಿಟ್ಟಿದ್ದಾರೆ. 2023ರ ಕೊನೆಯವರೆಗೆ ಒಟ್ಟು 10,227 ದಿನ. ನಾನೂ ತಂಗಿಯೂ ಎರಡು ತಿಂಗಳು ಕೂತು ಎಕ್ಸೆಲ್‌ಗೆ ಹಾಕಿ, ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಠ್ಯದ ಫೈಲ್) ಮಾಡಿ, ರೀಡ್ ಡಾಟ್ ಸಿಎಸ್‌ವಿಯಿಂದ ಆರ್‌ಗೆ ತಂದೆವು.

ಮೊತ್ತ ಹಾಕಲು ಹೋದರೆ ಫ್ಯಾಕ್ಟರ್‌ಗೆ (ಆರ್‌ನಲ್ಲಿ ವರ್ಗಗಳನ್ನು ಇಡುವ ಬಗೆ) ಸಮ್ ಬರಲ್ಲ ಅಂತ ಬೈಯಿತು. ಸಂಖ್ಯೆ ಮಾಡುವ ಆ್ಯಸ್ ಡಾಟ್ ನ್ಯೂಮರಿಕ್ ಹಾಕಿದೆ, ಸುಮ್ಮನಾಯಿತು. ಆದರೆ ಗ್ರಾಫ್ ನೋಡಿದರೆ ಜುಲೈ ಒಂದೇ ತಿಂಗಳಿಗೆ 6,000 ಇಂಚು! ಮಳೆಯೇ ಬಾರದ ಜನವರಿಗೆ 31. ಸಾಲದ್ದಕ್ಕೆ ತಿಂಗಳುಗಳು ಅಕ್ಟೋಬರ್‌ನಿಂದ ಶುರುವಾಗಿವೆ, ಕನ್ನಡ ಹೆಸರೆಲ್ಲ ಚೌಕ ಚೌಕ ಡಬ್ಬಿಯಾಗಿವೆ. ಲ್ಯಾಬ್‌ನಲ್ಲಿರುವುದು ಆರ್ 3.6. ಎಲ್ಲಿ ಎಡವಿದೆ ಹೇಳಿ, ಮುಂದಿನ ವಾರ ಗೈಡ್‌ಗೆ ತೋರಿಸಬೇಕು.

ಹಳೇ ಲ್ಯಾಪ್‌ಟಾಪ್:
6,000 ಇಂಚಾ! ಮೇಘಾಲಯದ ಮೌಸಿನ್‌ರಾಮ್‌ನಲ್ಲೇ ವರ್ಷವಿಡೀ ಸುರಿದರೂ ಸರಾಸರಿ ಸುಮಾರು 11,800 ಮಿ.ಮೀ., ಅಂದರೆ 465 ಇಂಚಿನ ಆಸುಪಾಸು. ನಿಮ್ಮ ತೋಟ ಅದನ್ನೂ ಮೀರಿಸಿತಲ್ಲ.

ತಮಾಷೆ ಬಿಡಿ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಜನವರಿಗೆ 31. ಒಣ ಫೆಬ್ರವರಿ ಇದ್ದರೆ ಅದಕ್ಕೆ 28 ಬಂದಿರಬೇಕು, 2016ರಂಥ ವರ್ಷಕ್ಕೆ 29. ಅದು ಮಳೆಯಲ್ಲ, ದಿನಗಳ ಲೆಕ್ಕ. ಮಳೆ ಇಲ್ಲದ ದಿನ ಖಾನೆ ಖಾಲಿ ಬಿಟ್ಟಿದ್ದೀರಿ ಅಲ್ವಾ? ಆ ಕಾಲಂನಲ್ಲಿ ಎಲ್ಲೋ ಒಂದು ಕಡೆ ಅಕ್ಷರ ಸೇರಿಕೊಂಡಿದೆ. ಒಂದೇ ಒಂದು ಖಾನೆಯಲ್ಲಿ ಅಕ್ಷರ ಇದ್ದರೂ ಸಾಕು, ಇಡೀ ಕಾಲಂ ಪಠ್ಯ ಅಂದುಕೊಳ್ಳುತ್ತದೆ ಆರ್. ಹಳೇ ಆರ್ ಅದನ್ನು ತಾನೇ ಫ್ಯಾಕ್ಟರ್ ಮಾಡಿಬಿಡುತ್ತದೆ. ಫ್ಯಾಕ್ಟರ್ ಒಳಗೆ ಇರುವುದು ನಿಮ್ಮ ಸಂಖ್ಯೆಯಲ್ಲ, ಅಕ್ಷರಗಳ ಸಾಲಿನಲ್ಲಿ ಅದು ಎಷ್ಟನೆಯದು ಅನ್ನುವ ನಂಬರು. ನಿಮ್ಮ ಬಳಿ ಖಾಲಿ, 0.1, 1.2, 10.5, 2.45 ಇಷ್ಟೇ ಇದ್ದವು ಅಂದುಕೊಳ್ಳಿ. ಪಠ್ಯವಾಗಿ ಜೋಡಿಸಿದರೆ ಇದೇ ಸಾಲು ಬರುತ್ತದೆ. ಖಾಲಿಗೆ 1, ಹತ್ತೂವರೆ ಇಂಚಿಗೆ 4, ಎರಡು ಚಿಲ್ಲರೆ ಇಂಚಿಗೆ 5! ಆ್ಯಸ್ ಡಾಟ್ ನ್ಯೂಮರಿಕ್ ಆ ನಂಬರನ್ನೇ ಕೊಟ್ಟಿತು, ಒಂದು ಎಚ್ಚರಿಕೆಯನ್ನೂ ಕೊಡದೆ. ನನ್ನ ಪ್ರಕಾರ ಆರ್‌ನಲ್ಲಿ ಇದಕ್ಕಿಂತ ಕೆಟ್ಟ ಮೌನ ಇನ್ನೊಂದಿಲ್ಲ.

ಮೊದಲು ಪಠ್ಯ ಮಾಡುವ ಆ್ಯಸ್ ಡಾಟ್ ಕ್ಯಾರೆಕ್ಟರ್, ಆಮೇಲೆ ಆ್ಯಸ್ ಡಾಟ್ ನ್ಯೂಮರಿಕ್. ಸಾಧ್ಯವಾದರೆ ಹೊಸ ಆರ್ ಹಾಕಿಸಿಕೊಳ್ಳಿ. 2020ರಲ್ಲಿ ಬಂದ 4.0.0ರಿಂದ ಪಠ್ಯ ಪಠ್ಯವಾಗಿಯೇ ಉಳಿಯುತ್ತದೆ, ಸಂಖ್ಯೆ ಆಗದ್ದನ್ನು ಎನ್‌ಎ (ಮಾಹಿತಿ ಇಲ್ಲ) ಮಾಡಿದಾಗ ಬಾಯಿಬಿಟ್ಟು ಹೇಳುತ್ತದೆ. ಆದರೆ ಅದಕ್ಕೂ ಮೊದಲು ಯುನೀಕ್ ಹಾಕಿ, ಕಾಲಂನಲ್ಲಿ ಏನೇನು ಇದೆ ಅಂತ ಕಣ್ಣಾರೆ ನೋಡಿ ಇಲ್ಲಿ ಹಾಕಿ.

ಕಾಫಿಗಿಡ:
ಅಯ್ಯೋ, ಹೌದು ಸರ್. ಯುನೀಕ್ ಹಾಕಿದೆ. ಕೆಲವು ಕಡೆ ‘ತುಂತುರು’ ಅಂತಿದೆ, ಅಪ್ಪ ಬರೆದಂತೆ ಹಾಗೇ ಹಾಕಿದ್ದೆವು. ಅದು ಗೊತ್ತಿತ್ತು. ಆದರೆ ‘1-ಮೇ’, ‘ಫೆಬ್-45’ ಅಂತೆಲ್ಲ ಇದೆ. ಇದೆಲ್ಲಿಂದ ಬಂತು? 1945ರಲ್ಲಿ ಅಪ್ಪ ಹುಟ್ಟಿರಲೇ ಇಲ್ಲ.

ಸೋಮವಾರಪೇಟೆಯಿಂದ:
ಇದು ತೋಟದವರಿಗೆ ಮಾತ್ರ ಹೊಳೆಯುವ ತಪ್ಪು. ನಿಮ್ಮಪ್ಪ 2-45 ಅಂತ ಬರೆದಿರುತ್ತಾರೆ, ಎರಡು ಇಂಚು ನಲವತ್ತೈದು ಸೆಂಟ್. ತಂಗಿ ಹಾಗೇ ಟೈಪ್ ಮಾಡಿದ್ದಾಳೆ. ಎಕ್ಸೆಲ್ ಅದನ್ನು ತಾರೀಖು ಅಂದುಕೊಂಡು ಫೆಬ್ರವರಿ 1945 ಮಾಡಿದೆ. 1-05 ಆಗಿದ್ದು ಮೇ ಒಂದು. ಬೇಜಾರಾಗಬೇಡಿ, ಇದೇ ಕಾಟಕ್ಕೆ 2020ರಲ್ಲಿ ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಮಾರ್ಚ್1 ಅನ್ನುವ ಜೀನ್ ಎಕ್ಸೆಲ್‌ನಲ್ಲಿ ಮಾರ್ಚ್ ಒಂದನೇ ತಾರೀಖು ಆಗುತ್ತಿತ್ತು.

ಆದರೆ ನನಗೆ ಭಯ ಇರುವುದು ನೀವು ಟೈಪ್ ಮಾಡಿದ ಭಾಗದ ಮೇಲೆ. ನೀವು ಚುಕ್ಕಿ ಹಾಕಿದ್ದೀರಿ ಅನಿಸುತ್ತದೆ. ಒಂದು ಇಂಚು ಐದು ಸೆಂಟ್ ಇದ್ದಲ್ಲಿ 1.05 ಹಾಕಿದ್ದೀರೋ 1.5 ಹಾಕಿದ್ದೀರೋ? ನೂರು ಸೆಂಟ್‌ಗೆ ಒಂದು ಇಂಚು. 1.5 ಹಾಕಿದ್ದರೆ ನಲವತ್ತೈದು ಸೆಂಟ್ ಜಾಸ್ತಿ, ಅಂದರೆ 11 ಮಿ.ಮೀ.ಗಿಂತ ಜಾಸ್ತಿ. ಇದು ಸಂಖ್ಯೆಯ ಥರವೇ ಕಾಣುವುದರಿಂದ ಯಾವ ಆವೃತ್ತಿಯ ಆರ್ ಕೂಡ ಹಿಡಿಯಲ್ಲ. ಡೈರಿ ಪಕ್ಕದಲ್ಲಿಟ್ಟುಕೊಂಡು ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ. ಇಂಚಿಗೆ ಒಂದು ಕಾಲಂ, ಸೆಂಟ್‌ಗೆ ಇನ್ನೊಂದು ಮಾಡಿ. ಕೂಡಿಸುವುದು, 25.4ರಿಂದ ಗುಣಿಸುವುದು ಆರ್‌ಗೆ ಬಿಡಿ.

ತುಂತುರನ್ನು ಮೊತ್ತಕ್ಕೆ ಸೊನ್ನೆ ಅಂತ ಹಿಡಿಯಿರಿ, ಆದರೆ ಪಕ್ಕದಲ್ಲಿ ಒಂದು ಗುರುತಿನ ಕಾಲಂ ಇರಲಿ. ಹವಾಮಾನ ಇಲಾಖೆ ‘ಮಳೆ ದಿನ’ ಅನ್ನುವುದು 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಹತ್ತು ಸೆಂಟ್.

ಅಂದಹಾಗೆ ತಿಂಗಳ ಲೆಕ್ಕ ಯಾಕೆ? ನಮ್ಮ ಹಿರಿಯರು ಯಾರಾದರೂ ಜುಲೈ ಮಳೆ ಅಂದದ್ದು ಕೇಳಿದ್ದೀರಾ? ಪುನರ್ವಸು ಜೋರಿತ್ತು, ಪುಷ್ಯ ಕೈಕೊಟ್ಟಿತು ಅಂತಾರೆ. ಒಂದೊಂದು ಹದಿಮೂರು ಹದಿನಾಲ್ಕು ದಿನ. ತಾರೀಖುಗಳನ್ನು ಗುಂಪು ಮಾಡುವ ಕಟ್ ಫಂಕ್ಷನ್‌ಗೆ ಜೂನ್ 22 ಆರಿದ್ರಾ, ಜುಲೈ 6 ಪುನರ್ವಸು, ಜುಲೈ 20 ಪುಷ್ಯ, ಆಗಸ್ಟ್ 3 ಆಶ್ಲೇಷಾ, ಆಗಸ್ಟ್ 17 ಮಘಾ ಹೀಗೆ ಗಡಿ ಕೊಡಿ. ಒಂದು ದಿನ ಆಚೀಚೆ ಆದೀತು, ಪರವಾಗಿಲ್ಲ. ಎಲ್ಲ ತಾರೀಖಿಗೂ ವರ್ಷ 2000 ಅಂತ ಹಾಕಿಕೊಂಡು ಕತ್ತರಿಸಿ. ಅದು ಅಧಿಕ ವರ್ಷ, ಫೆಬ್ರವರಿ 29 ಕಳೆದುಹೋಗಲ್ಲ. ಹೆಸರಿಗಿಂತ ಗಡಿ ಒಂದು ಜಾಸ್ತಿ ಇರಬೇಕು, ನಾನು ಅಲ್ಲೇ ಒಂದು ಸಂಜೆ ಕಳೆದಿದ್ದೇನೆ.

ಒತ್ತಕ್ಷರ:
ಗ್ರಾಫ್ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ. ತಿಂಗಳು ಅಕ್ಟೋಬರ್‌ನಿಂದ ಶುರುವಾಗುವುದು ಅಕಾರಾದಿಯಿಂದ. ಅಕ್ಟೋಬರ್, ಆಗಸ್ಟ್, ಏಪ್ರಿಲ್. ಆರ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ, ಕಾಗುಣಿತ ಗೊತ್ತು. ಮೇಲೆ ಬೈಸಿಕೊಂಡ ಫ್ಯಾಕ್ಟರ್ ಇಲ್ಲಿ ಬೇಕು. ಲೆವೆಲ್ಸ್‌ನಲ್ಲಿ ನಿಮಗೆ ಬೇಕಾದ ಕ್ರಮ ಬರೆದುಕೊಡಿ, ತಿಂಗಳಾಗಲಿ ನಕ್ಷತ್ರವಾಗಲಿ.

ಡಬ್ಬಿ ಬರುವುದು ಫಾಂಟ್‌ನಲ್ಲಿ ಕನ್ನಡ ಇಲ್ಲದ್ದಕ್ಕೆ. ನೋಟೊ ಸ್ಯಾನ್ಸ್ ಕನ್ನಡ ಹಾಕಿಕೊಳ್ಳಿ. ಬರೀ ಫಾಂಟ್ ಸಾಲದು, ಎಷ್ಟೋ ಸಲ ಡಬ್ಬಿ ಹೋಗಿ ‘ಕ್ಟೋ’ ಮುರಿದು ಬೀಳುತ್ತದೆ, ಒತ್ತು ಒಂದು ಕಡೆ ಅಕ್ಷರ ಒಂದು ಕಡೆ. ರ‍್ಯಾಗ್ ಪ್ಯಾಕೇಜ್ ಹಾಕಿಸಿ, ಗ್ರಾಫ್ ಸೇವ್ ಮಾಡುವ ಜಿಜಿಸೇವ್‌ಗೆ ಡಿವೈಸ್ ಅಂತ ಅದರ ಪಿಎನ್‌ಜಿ ಕೊಡಿ. ಒತ್ತಕ್ಷರ ಸರಿಯಾಗಿ ಕೂರುತ್ತದೆ.

28 ವರ್ಷಕ್ಕೆ ಕಂಬ ಕಂಬ ನಿಲ್ಲಿಸಬೇಡಿ, ಬಾಚಣಿಗೆ ಥರ ಕಾಣುತ್ತದೆ. ಬಣ್ಣದ ಚೌಕಗಳಾಗಿ ತೋರಿಸುವ ಜಿಯೋಮ್ ಟೈಲ್ ಬಳಸಿ. ಅಡ್ಡಕ್ಕೆ ನಕ್ಷತ್ರ, ಮೇಲಿಂದ ಕೆಳಗೆ ವರ್ಷ, ಮಳೆ ಜಾಸ್ತಿ ಆದಷ್ಟೂ ಬಣ್ಣ ಗಾಢ. ಒಂದೇ ಹಾಳೆಯಲ್ಲಿ ಇಡೀ ಡೈರಿ ಕಾಣುತ್ತದೆ.

ಹಳೇ ಲ್ಯಾಪ್‌ಟಾಪ್:
ಒಂದು ಮರೆತಿದ್ದೆ. ಖಾಲಿ ಖಾನೆ ಈಗ ಎನ್‌ಎ ಆಗುತ್ತದೆ, ಮೊತ್ತವೂ ಎನ್‌ಎ ಬರುತ್ತದೆ. ಎಲ್ಲರೂ ಎನ್‌ಎ ಬಿಟ್ಟು ಕೂಡಿಸುವ ಎನ್‌ಎ ಡಾಟ್ ಆರ್‌ಎಂ ಟ್ರೂ ಹಾಕಿ ಅಂತಾರೆ. ತಕ್ಷಣ ಹಾಕಬೇಡಿ. ಖಾಲಿ ಅಂದರೆ ಮಳೆ ಇಲ್ಲವೋ, ಅಪ್ಪ ಯಾರದೋ ಮದುವೆಗೆ ಹೋಗಿದ್ದರೋ? ಅವರನ್ನೇ ಕೇಳಿ.

ಕಾಫಿಗಿಡ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಊರಿಗೆ ಹೋಗಿ ಡೈರಿ ಮತ್ತೆ ತೆಗೆದೆವು. ಚುಕ್ಕಿ ತಪ್ಪು ನನ್ನದೇ, ನೂರಾರು ಕಡೆ. ತಂಗಿ ಇನ್ನೂ ಹಂಗಿಸುತ್ತಿದ್ದಾಳೆ.

ಖಾಲಿ ಬಗ್ಗೆ ಅಪ್ಪನನ್ನು ಕೇಳಿದೆ. ‘ಮಳೆ ಇಲ್ಲದಿದ್ದರೆ ಖಾಲಿ, ನೋಡೋಕಾಗದಿದ್ದರೆ ಗೆರೆ ಎಳೆದಿದ್ದೀನಲ್ಲ’ ಅಂದರು. ಡೈರಿಯಲ್ಲಿ ಗೆರೆ ಇದೆ. ಟೈಪ್ ಮಾಡುವಾಗ ಎರಡನ್ನೂ ನಾವು ಖಾಲಿಯೇ ಬಿಟ್ಟಿದ್ದೆವು. ಒಟ್ಟು 61 ಗೆರೆ ಸಿಕ್ಕವು. ಅದರಲ್ಲಿ ಮೂರು 2019ರ ಆಗಸ್ಟ್ 8, 9, 10. ನಮ್ಮ ಕಡೆ ಗುಡ್ಡ ಕುಸಿದ ವಾರ. ‘ಅಳೆಯೋದಿರಲಿ, ಮಾಪಕ ತುಂಬಿ ಚೆಲ್ಲಿ ಹೋಗಿತ್ತು’ ಅಂದರು ಅಪ್ಪ. ಎನ್‌ಎ ಡಾಟ್ ಆರ್‌ಎಂ ಹಾಕಿದ್ದರೆ ಆ ಮೂರು ದಿನ ಸೊನ್ನೆ ಮಳೆ ಅಂತ ಬರುತ್ತಿತ್ತು.

ಈಗ ಒಣ ದಿನಕ್ಕೆ ಸೊನ್ನೆ, ಗೆರೆಗೆ ಎನ್‌ಎ. ಟೈಲ್ ಗ್ರಾಫ್‌ನಲ್ಲಿ 2019ರ ಆಶ್ಲೇಷಾ ಚೌಕ ಬೂದು ಬಣ್ಣಕ್ಕೆ ತಿರುಗಿದೆ, ಸುತ್ತಲೂ ಕಡು ನೀಲಿ. ಪಕ್ಕದ ತೋಟದವರ ಲೆಕ್ಕ ತಂದು ತುಂಬಿಸೋಣ ಅನಿಸಿತ್ತು. ಸದ್ಯಕ್ಕೆ ಹಾಗೇ ಬಿಟ್ಟು, ಕೆಳಗೆ ಒಂದು ಸಾಲು ಬರೆದಿದ್ದೇನೆ. ಗೈಡ್ ಏನಂತಾರೆ ನೋಡಬೇಕು.