ಬೀಳು ಬಿದ್ದ ಹೊಲಕ್ಕೆ ಮರ ಹಾಕಿದರೆ ಸರ್ಕಾರದ ದುಡ್ಡು ಬರುತ್ತಾ? ಮಾಡಿ ನೋಡಿದವರು ಹೇಳಿ

ಹಿರಿಯೂರು ಹತ್ತಿರ ನಮ್ಮದು ಎರಡೂವರೆ ಎಕರೆ ಗರಸು ಹೊಲ. ಶೇಂಗಾ ಹಾಕಿ ಹಾಕಿ ಬೀಜದ ದುಡ್ಡೂ ಹುಟ್ಟದೆ ನಾಲ್ಕು ವರ್ಷದಿಂದ ಬೀಳು ಬಿಟ್ಟಿದ್ದೇವೆ. ನಾನಿರುವುದು ಬೆಂಗಳೂರಲ್ಲಿ, ಸಂಬಳದ ಕೆಲಸ. ಊರಲ್ಲಿ ಅಪ್ಪ ಇದ್ದಾರೆ. ಹೊಂಗೆ, ಹೆಬ್ಬೇವು ಹಾಕೋಣ ಅಂತ ಭಾವ ಹೇಳುತ್ತಿದ್ದಾರೆ. ಸರ್ಕಾರದಿಂದ ಏನಾದರೂ ಸಿಗುತ್ತಾ? ಮುಂದೆ ಮರ ಮಾರಿದರೆ ತೆರಿಗೆ ಕಟ್ಟಬೇಕಾ?

ತುಮಕೂರು ಕಡೆಯಿಂದ:
ಸಿಗುತ್ತೆ ಸರ್. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಅಂತ ಇದೆ, 2011-12ರಲ್ಲಿ ಶುರುವಾಗಿದ್ದು. ಮಳೆಗೆ ಮೊದಲೇ ರೇಂಜ್ ಆಫೀಸಿಗೆ ಹೋಗಿ ಹೆಸರು ಬರೆಸಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ ಸಾಕು. ಸಸಿ ಅವರ ನರ್ಸರಿಯಲ್ಲೇ ಕಡಿಮೆ ದರಕ್ಕೆ ಸಿಗುತ್ತವೆ.

ಒಂದು ಮಾತು ಮೊದಲೇ ತಿಳಿದಿರಲಿ. ದುಡ್ಡು ಕೊಡುವುದು ನೆಟ್ಟ ಸಸಿಗಲ್ಲ, ಬದುಕಿದ ಸಸಿಗೆ. ನಾವು ಹಾಕಿದಾಗ ಮೊದಲ ವರ್ಷ ಸಸಿಗೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125. ಹೆಕ್ಟೇರಿಗೆ 400 ಸಸಿವರೆಗೆ ಲೆಕ್ಕಕ್ಕೆ ತಗೊಳ್ತಾರೆ. ಈಗಿನ ದರ ಆಫೀಸಲ್ಲೇ ಕೇಳಿಕೊಳ್ಳಿ.

ನಾನು ಎರಡು ಎಕರೆಗೆ 300 ಹಾಕಿದೆ. ಬೇಲಿ ಆಮೇಲೆ ನೋಡೋಣ ಅಂತ ಸುಮ್ನೆ ಕೂತೆ. ಬೇಸಿಗೆ ಮುಗಿಯುವಷ್ಟರಲ್ಲಿ 110 ಹೋದವು. ಅರ್ಧ ಬಿಸಿಲಿಗೆ, ಅರ್ಧ ಆಡುಗಳ ಬಾಯಿಗೆ. ಎಣಿಸೋಕೆ ಬಂದವರು ಸಾಲು ಹಿಡಿದು ಒಂದೊಂದೇ ಗಿಡ ನೋಡುತ್ತಾ ಹೋದರು. ಒಂದು ಬೇವಿನ ಸಸಿ ಬರೀ ಕಡ್ಡಿ, ಎಲೆಯೇ ಇಲ್ಲ. ನಾನು ಸತ್ತಿದೆ ಅಂದುಕೊಂಡೆ. ಅವರು ಕೂತು ಉಗುರಲ್ಲಿ ತೊಗಟೆ ಕೆರೆದರು. ಒಳಗೆ ಹಸಿರು ಕಂಡಿತು. "ಇದನ್ನೂ ಬರ್ಕೊಳಿ" ಅಂದರು. ಆ ಗಿಡ ಈಗ ನನಗಿಂತ ಎತ್ತರ ಇದೆ.

ಮೊದಲ ವರ್ಷ 190 ಗಿಡಕ್ಕೆ 6,650 ಬಂತು. ಆಮೇಲೆ 180 ಗಿಡಕ್ಕೆ 7,200, ಕೊನೆಗೆ 176 ಗಿಡಕ್ಕೆ 8,800. ಕೂಡಿದರೆ 22,650. ಗುಂಡಿ, ಟ್ಯಾಂಕರ್ ನೀರು, ಮುಳ್ಳುಬೇಲಿ ಎಲ್ಲಾ ಸೇರಿ ನನಗೆ ಇದಕ್ಕಿಂತ ಜಾಸ್ತಿಯೇ ಖರ್ಚಾಗಿದೆ. ಹಾಗಾಗಿ ಈ ದುಡ್ಡು ನಂಬಿಕೊಂಡು ಸಾಲ ಮಾಡಬೇಡಿ. ಕೈಯಲ್ಲಿರುವ ದುಡ್ಡನ್ನ ಮೊದಲು ಬೇಲಿಗೆ ಹಾಕಿ.

ಕೋಲಾರದಿಂದ:
ಎಲ್ಲಾ ಮರಕ್ಕೂ ಕೊಡಲ್ಲ. ನೀಲಗಿರಿ, ಅಕೇಶಿಯಾ, ಸರ್ವೆ, ಸಿಲ್ವರ್ ಓಕ್ ಇವಕ್ಕೆ ಪ್ರೋತ್ಸಾಹಧನ ಇಲ್ಲ. ನೀಲಗಿರಿ ಹೊಸದಾಗಿ ನೆಡುವುದನ್ನೇ ಸರ್ಕಾರ 2017ರಲ್ಲಿ ನಿಲ್ಲಿಸಿತು. ನಮ್ಮ ಕಡೆ ಅದನ್ನ ಹಾಕಿ ಏನಾಯಿತು ಅಂತ ಕೊಳವೆಬಾವಿ ಕೊರೆಸಿದವರನ್ನ ಕೇಳಿ.

ಹಾವೇರಿಯಿಂದ:
ನಾವು ಆ ಯೋಜನೆಗೆ ಹೋಗಲಿಲ್ಲ. ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿಯಿಂದ ಮಾಡಿಸಿದೆವು. ಸಣ್ಣ ಹಿಡುವಳಿ, ಜಾಬ್ ಕಾರ್ಡ್ ಇತ್ತು. ನಮ್ಮ ಹೊಲದ ಗುಂಡಿ ನಾವೇ ತೆಗೆದು ಕೂಲಿ ತಗೊಂಡೆವು. ಮೈ ಬಗ್ಗಿಸಿ ದುಡಿಯುವವರು ಊರಲ್ಲಿದ್ದರೆ ಮಾತ್ರ ಇದು ಆಗುವ ಕೆಲಸ.

ಬೆಂಗಳೂರಿಂದ, ಲೆಕ್ಕಪತ್ರದ ಕೆಲಸ ಮಾಡುವವನು:
ತೆರಿಗೆ ಬಗ್ಗೆ ನಾನು ಹೇಳುತ್ತೇನೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಮರ ಮಾರಿದ್ದೆಲ್ಲಾ ಕೃಷಿ ಆದಾಯ ಅಲ್ಲ. ಉತ್ತು, ನೆಟ್ಟು, ಆರೈಕೆ ಮಾಡಿ ಬೆಳೆಸಿದ ಮರ ಆದರೆ ಕೃಷಿ. ತಾನಾಗೇ ಹುಟ್ಟಿ ಬೆಳೆದ ಕಾಡುಮರ ಕಡಿದು ಮಾರಿದರೆ ಅಲ್ಲ. ಸುಪ್ರೀಂ ಕೋರ್ಟು 1957ರಲ್ಲೇ ರಾಜಾ ಬಿನಯ್ ಕುಮಾರ್ ಸಹಾಸ್ ರಾಯ್ ಪ್ರಕರಣದಲ್ಲಿ ಇದನ್ನ ಹೇಳಿದೆ. ಆದ್ದರಿಂದ ನರ್ಸರಿ ರಸೀದಿ, ಕೂಲಿ ಕೊಟ್ಟ ಚೀಟಿ, ವರ್ಷಕ್ಕೊಂದು ಫೋಟೊ ಇಟ್ಟುಕೊಳ್ಳಿ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಯಾರು ನೆಟ್ಟಿದ್ದು ಅಂತ ಕೇಳಿದರೆ ಬಾಯಿಮಾತು ನಡೆಯಲ್ಲ.

ನಿಮ್ಮಂಥ ಸಂಬಳದವರಿಗೆ ಇನ್ನೊಂದು ಕೊಕ್ಕೆ ಇದೆ. ಕೃಷಿ ಆದಾಯ ವರ್ಷಕ್ಕೆ 5,000 ದಾಟಿ, ಸಂಬಳವೂ ತೆರಿಗೆ ಮಿತಿ ದಾಟಿದ್ದರೆ ಎರಡನ್ನೂ ಸೇರಿಸಿ ದರ ಲೆಕ್ಕ ಹಾಕುತ್ತಾರೆ. ಮರದ ದುಡ್ಡಿಗೆ ನೇರವಾಗಿ ತೆರಿಗೆ ಇಲ್ಲ. ಅದು ಹೋಗಿ ತೆರಿಗೆ ದರದ ಕೆಳಗಿನ ಮೆಟ್ಟಿಲಲ್ಲಿ ಕೂರುತ್ತೆ, ನಿಮ್ಮ ಸಂಬಳ ಜಾಸ್ತಿ ದರದ ಮೇಲಿನ ಮೆಟ್ಟಿಲಿಗೆ ಹತ್ತುತ್ತೆ. ಮರದ ದುಡ್ಡು ಒಂದೇ ವರ್ಷ ಇಡಿಯಾಗಿ ಬರುತ್ತೆ ಅಲ್ವಾ, ಅದಕ್ಕೇ ಈ ಮಾತು. ಹೊಲ ನಿಮ್ಮಪ್ಪನ ಹೆಸರಲ್ಲಿದ್ದು, ಬೆಳೆದು ಮಾರುವವರೂ ಅವರೇ ಆದರೆ ಆದಾಯ ಅವರದು. ಅವರಿಗೆ ಬೇರೆ ಆದಾಯ ಇಲ್ಲದಿದ್ದರೆ ಈ ತಕರಾರೇ ಇಲ್ಲ.

ಶಿವಮೊಗ್ಗದಿಂದ:
ಕಡಿಯುವುದನ್ನೂ ಈಗಲೇ ಯೋಚಿಸಿ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ವಿನಾಯಿತಿ ಪಟ್ಟಿಯಲ್ಲಿಲ್ಲದ ಮರವನ್ನ ಸ್ವಂತ ಹೊಲದಲ್ಲೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ನೆಟ್ಟ ಮೇಲೆ ಪಹಣಿಯಲ್ಲಿ ಮರದ ನಮೂದು ಮಾಡಿಸಿ. ಶ್ರೀಗಂಧದ ಆಸೆ ಇದ್ದರೆ, 2001ರ ತಿದ್ದುಪಡಿಯಿಂದ ನಿಮ್ಮ ಜಮೀನಿನ ಗಂಧದ ಮರ ನಿಮ್ಮದೇ. ಆದರೆ ಕಾಯುವವರು ಯಾರು? ನೀವು ಬೆಂಗಳೂರಲ್ಲಿ, ಅಪ್ಪ ಒಬ್ಬರೇ. ಹೊಂಗೆ ಹಾಕಿ ಸರ್, ಆಡೂ ಅಷ್ಟಾಗಿ ಮುಟ್ಟಲ್ಲ, ಕಳ್ಳರೂ ಬರಲ್ಲ.

ಕೇಳಿದವನು ನಾನೇ:
ಎಲ್ಲರಿಗೂ ಧನ್ಯವಾದ. ಇವತ್ತು ಪಹಣಿ ತೆಗೆಸಿ ನೋಡಿದೆ. ಅಪ್ಪನ ಜೊತೆ ಚಿಕ್ಕಪ್ಪನ ಹೆಸರೂ ಇದೆ. ಅವರಿಗೂ ನಮಗೂ ಮಾತಿಲ್ಲ.

ತುಮಕೂರು ಕಡೆಯಿಂದ:
ಹಾಗಾದರೆ ರೇಂಜ್ ಆಫೀಸಿಗಿಂತ ಮೊದಲು ಚಿಕ್ಕಪ್ಪನ ಮನೆಗೆ ಹೋಗಿ. ಮಳೆಗಾಲಕ್ಕೆ ಇನ್ನೂ ಟೈಮಿದೆ.