ಡೇಟಾ ಇಲ್ಲದೆ ವಿದೇಶದಲ್ಲಿ ಮೊಬೈಲಿನ ಜಿಪಿಎಸ್ ನಂಬಿ ನಡೆಯಬಹುದೇ?

ಪ್ರಶ್ನೆ: ಮೈಸೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಮನೆಯವರೂ ಟೂರ್ ಕಂಪನಿಯ ಗುಂಪಿಗೆ ಸೇರದೆ, ಇಬ್ಬರೇ ಹದಿನಾರು ದಿನಗಳ ಪ್ರವಾಸಕ್ಕೆ ಹೊರಟಿದ್ದೇವೆ. ಜ್ಯೂರಿಕ್‌ನಲ್ಲಿ ಇಳಿದು, ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಕಣಿವೆಯಲ್ಲಿ ಐದು ದಿನ ತಂಗಿ, ಅಲ್ಲಿಂದ ರೈಲಿನಲ್ಲಿ ಮಿಲಾನ್ ಮೂಲಕ ವೆನಿಸ್‌ಗೆ ಹೋಗಿ, ಕೊನೆಗೆ ಫ್ಲಾರೆನ್ಸ್ ನೋಡಿಕೊಂಡು ಹಿಂದಿರುಗುವುದು ನಮ್ಮ ಯೋಜನೆ. ಕಾರು ಬಾಡಿಗೆಗೆ ಪಡೆಯುವುದಿಲ್ಲ. ರೈಲು, ಬಸ್ಸು, ಮಿಕ್ಕದ್ದೆಲ್ಲ ಕಾಲ್ನಡಿಗೆ.

ಕೆಲವು ವರ್ಷಗಳ ಹಿಂದೆ ಸಿಂಗಪುರಕ್ಕೆ ಹೋಗಿದ್ದಾಗ ಡೇಟಾ ರೋಮಿಂಗ್ ಆಫ್ ಮಾಡುವುದನ್ನು ಮರೆತು, ಊರಿಗೆ ಬಂದ ಮೇಲೆ ಬಿಲ್ಲು ನೋಡಿ ದಂಗಾಗಿದ್ದೆ. ಆದ್ದರಿಂದ ಈ ಸಲ ಹೋಟೆಲಿನ ವೈಫೈ ಬಿಟ್ಟರೆ ಬೇರಾವ ಇಂಟರ್ನೆಟ್ಟೂ ಬೇಡವೆಂದು ನಿಶ್ಚಯಿಸಿದ್ದೇನೆ. ನೆಟ್ ಇಲ್ಲದಿದ್ದರೆ ಜಿಪಿಎಸ್ ಕೆಲಸವನ್ನೇ ಮಾಡುವುದಿಲ್ಲ ಎಂದು ನನ್ನ ಅಳಿಯ ಹೇಳುತ್ತಾನೆ. ಜಿಪಿಎಸ್‌ಗೂ ನೆಟ್‌ಗೂ ಸಂಬಂಧವೇ ಇಲ್ಲ ಎಂದು ಅಣ್ಣನ ಮಗ ವಾದಿಸುತ್ತಾನೆ. ಇಬ್ಬರೂ ಎಂಜಿನಿಯರುಗಳೇ ಆಗಿರುವುದರಿಂದ ಯಾರ ಮಾತನ್ನು ನಂಬುವುದೆಂದು ತಿಳಿಯುತ್ತಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ವೆನಿಸ್ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ, ಬೀದಿಯಲ್ಲಿ ನಿಂತಾಗ ಅದು ನಮಗೆ ನಡೆಯುವ ದಾರಿಯನ್ನು ತೋರಿಸುತ್ತದೆಯೇ? ಜಿಪಿಎಸ್‌ನಂತೆಯೇ ಸ್ಥಳ ತಿಳಿಸುವ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಮ್ಯೂನಿಕ್ ಕನ್ನಡಿಗ

ಸರ್, ನಮಸ್ಕಾರ. ನಿಮ್ಮ ಅಳಿಯನವರೂ ಅಣ್ಣನ ಮಗನೂ ಒಂದೊಂದು ಅರ್ಧವನ್ನು ಸರಿಯಾಗಿಯೇ ಹೇಳಿದ್ದಾರೆ. ನೀವು ಎಲ್ಲಿದ್ದೀರಿ ಎಂಬುದು ಆಕಾಶದಿಂದ ತಿಳಿಯುತ್ತದೆ. ಆ ಜಾಗದ ಸುತ್ತಮುತ್ತ ಏನಿದೆ ಎಂಬುದು ನಕ್ಷೆಯಿಂದ ತಿಳಿಯುತ್ತದೆ. ಮೊದಲನೆಯದಕ್ಕೆ ಇಂಟರ್ನೆಟ್ ಬೇಡ. ಎರಡನೆಯದನ್ನು ನೀವು ಮನೆಯಿಂದಲೇ ಬುತ್ತಿಯಂತೆ ಕಟ್ಟಿಕೊಂಡು ಹೋಗಿದ್ದರೆ ಅದಕ್ಕೂ ಬೇಡ.

ಮೊಬೈಲಿನೊಳಗಿನ ಜಿಪಿಎಸ್ ರಿಸೀವರನ್ನು ಹಳೆಯ ಕಾಲದ ರೇಡಿಯೋ ಪೆಟ್ಟಿಗೆಯೆಂದೇ ತಿಳಿಯಿರಿ. ರೇಡಿಯೋ ಹೇಗೆ ಆಕಾಶವಾಣಿಗೆ ಏನನ್ನೂ ಮರಳಿ ಕಳಿಸುವುದಿಲ್ಲವೋ ಹಾಗೆಯೇ ಇದೂ ಕೇಳಿಸಿಕೊಳ್ಳುತ್ತದೆ ಅಷ್ಟೆ, ಅದಕ್ಕೆ ಯಾರೂ ಬಿಲ್ಲು ಹಾಕುವುದಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಪ್ರತಿಯೊಂದು ಉಪಗ್ರಹವೂ ‘ಈಗ ಸಮಯ ಇಷ್ಟು, ನಾನು ಇರುವುದು ಇಲ್ಲಿ’ ಎಂದು ಸದಾ ಸಾರುತ್ತಿರುತ್ತದೆ. ಉಪಗ್ರಹ ನೆತ್ತಿಯ ಮೇಲಿದ್ದರೆ ಆ ಸಂಕೇತ ನಮ್ಮನ್ನು ತಲಪಲು ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಸುಮಾರು 67 ಭಾಗದಷ್ಟು ಸಮಯ ಹಿಡಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳಿಂದ ಬಂದ ಸಂಕೇತಗಳ ವಿಳಂಬವನ್ನು ಹೋಲಿಸಿ ಫೋನು ತನ್ನ ಸ್ಥಳವನ್ನು ಲೆಕ್ಕಹಾಕುತ್ತದೆ. ಮೂರು ಸಾಲದೇ ಎಂದು ಕೇಳಬಹುದು. ಉಪಗ್ರಹದಲ್ಲಿ ಪರಮಾಣು ಗಡಿಯಾರವಿದೆ, ನಮ್ಮ ಫೋನಿನಲ್ಲಿ ಅಂಥದ್ದಿಲ್ಲ. ಗಡಿಯಾರ ಮೈಕ್ರೋಸೆಕೆಂಡಿನಷ್ಟು ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರ್ ಏರುಪೇರಾಗುತ್ತದೆ. ಆ ತಪ್ಪನ್ನು ಕಂಡುಹಿಡಿಯುವುದಕ್ಕಾಗಿಯೇ ನಾಲ್ಕನೆಯದು ಬೇಕು.

ಹಾಗಾದರೆ ಅಳಿಯನವರ ಮಾತಿನಲ್ಲಿ ಏನು ಸತ್ಯವಿದೆ? ಉಪಗ್ರಹವು ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ಆಮೆಯ ವೇಗದಲ್ಲಿ ಓದಿ ಹೇಳುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಲು ಸುಮಾರು ಅರ್ಧ ನಿಮಿಷ ಬೇಕು, ಮತ್ತು ಕೇಳಿಸಿಕೊಂಡದ್ದು ಕೆಲವು ಗಂಟೆಗಳಲ್ಲೇ ಹಳತಾಗುತ್ತದೆ. ನೆಟ್ ಇದ್ದಾಗ ಫೋನು ಈ ವಿವರವನ್ನು ಸರ್ವರ್‌ನಿಂದ ಕ್ಷಣಾರ್ಧದಲ್ಲಿ ತರಿಸಿಕೊಳ್ಳುವುದರಿಂದ, ನಕ್ಷೆಯಲ್ಲಿ ನೀವಿರುವ ಜಾಗ ತೋರಿಸುವ ನೀಲಿ ಚುಕ್ಕೆ ತಕ್ಷಣ ಮೂಡುತ್ತದೆ. ನೀವು ಜ್ಯೂರಿಕ್‌ನಲ್ಲಿ ಇಳಿಯುವಾಗ ಫೋನಿನ ನೆನಪಿನಲ್ಲಿರುವುದು ಬೆಂಗಳೂರಿನ ಆಕಾಶ. ಹೊಸ ಆಕಾಶವನ್ನು ಅದು ಮೊದಲಿನಿಂದ ಕಲಿಯಬೇಕು. ಆಗ ಬಹಳ ಜನ ‘ಕೆಲಸ ಮಾಡುತ್ತಿಲ್ಲ’ ಎಂದು ಆ್ಯಪ್ ಮುಚ್ಚಿ ತೆರೆದು, ಫೋನು ಆರಿಸಿ ಹಚ್ಚಿ ಒದ್ದಾಡುತ್ತಾರೆ. ಕಲಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಿಲ್ದಾಣದ ಕಟ್ಟಡದಿಂದ ಹೊರಬಂದು, ಆಕಾಶ ಚೆನ್ನಾಗಿ ಕಾಣುವ ಕಡೆ ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಿ. ಅಥವಾ ವಿಮಾನ ನಿಲ್ದಾಣದ ವೈಫೈ ಸಿಕ್ಕಾಗಲೇ ಒಮ್ಮೆ ನಕ್ಷೆ ತೆರೆದು ಚುಕ್ಕೆ ಮೂಡಿಸಿಕೊಂಡುಬಿಡಿ.

ನಾವಿಕ್‌ನ ವ್ಯಾಪ್ತಿ ಭಾರತ ಮತ್ತು ಗಡಿಯಿಂದ ಸುಮಾರು 1,500 ಕಿಲೋಮೀಟರ್‌ವರೆಗೆ ಮಾತ್ರ. ಯೂರೋಪಿನಲ್ಲಿ ಅದರ ನೆರವು ನಿರೀಕ್ಷಿಸಬೇಡಿ. ಆದರೆ ಇಂದಿನ ಬಹುತೇಕ ಫೋನುಗಳು ಅಮೆರಿಕದ ಜಿಪಿಎಸ್ ಜೊತೆಗೆ ಯೂರೋಪಿನ ಗೆಲಿಲಿಯೋ, ರಷ್ಯಾದ ಗ್ಲೋನಾಸ್, ಚೀನಾದ ಬೈಡೌ ಉಪಗ್ರಹಗಳನ್ನೂ ಕೇಳಿಸಿಕೊಳ್ಳುತ್ತವೆ, ಆದ್ದರಿಂದ ಕೊರತೆಯೇನೂ ಆಗದು.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಗೂಗಲ್ ಮ್ಯಾಪ್ಸ್‌ನ ಡೌನ್‌ಲೋಡ್ ಮಾಡಿದ ನಕ್ಷೆಯಲ್ಲಿ ನೆಟ್ ಇಲ್ಲದಾಗ ಕಾರಿನ ದಾರಿ ಸಿಗುತ್ತದೆಯೇ ಹೊರತು ನಡೆಯುವ ದಾರಿ, ಬಸ್ಸು ರೈಲಿನ ಮಾಹಿತಿ ಸಿಗುವುದಿಲ್ಲ. ಕಾರುಗಳು ಪಿಯಾತ್ಸಾಲೆ ರೋಮಾದಲ್ಲೇ ನಿಂತುಬಿಡುವ ವೆನಿಸ್‌ನಲ್ಲಿ ಕಾರಿನ ದಾರಿ ಕಟ್ಟಿಕೊಂಡು ಏನು ಮಾಡುತ್ತೀರಿ? ಚುಕ್ಕೆಯೇನೋ ಕಾಣುತ್ತದೆ, ದಾರಿಯನ್ನು ನೀವೇ ಕಣ್ಣಳತೆಯಲ್ಲಿ ಹುಡುಕಿಕೊಳ್ಳಬೇಕು. ಅದಕ್ಕಾಗಿ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್ಮ್ಯಾಂಡ್ ಎಂಬ ಆ್ಯಪ್ ಹಾಕಿಕೊಳ್ಳಿ. ಎರಡೂ 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಮುದಾಯದ ನಕ್ಷೆಯನ್ನು ಬಳಸುತ್ತವೆ, ಮತ್ತು ಕಾಲುದಾರಿಯ ಲೆಕ್ಕವನ್ನೂ ಫೋನಿನೊಳಗೇ ಮಾಡುತ್ತವೆ. ಕಾಲುದಾರಿ, ಮೆಟ್ಟಿಲು, ಕುಡಿಯುವ ನೀರಿನ ನಲ್ಲಿಗಳ ವಿಷಯದಲ್ಲಿ ಯೂರೋಪಿನ ಮಟ್ಟಿಗೆ ನಾನು ಈ ನಕ್ಷೆಯನ್ನೇ ಹೆಚ್ಚು ನಂಬುತ್ತೇನೆ.

ಉತ್ತರ: ಧಾರವಾಡದ ಅಲೆಮಾರಿ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ವೆನಿಸ್ ವಿಷಯದಲ್ಲಿ ನಾನು ಪಟ್ಟ ಪಾಡನ್ನೂ ಕೇಳಿ. ಆರ್ಗ್ಯಾನಿಕ್ ಮ್ಯಾಪ್ಸ್ ಇತ್ತು, ನಕ್ಷೆ ಇತ್ತು, ಚುಕ್ಕೆಯೂ ಇತ್ತು. ಆದರೂ ಸಾಂಟಾ ಲೂಚಿಯಾ ರೈಲು ನಿಲ್ದಾಣದಿಂದ ಹದಿನೈದು ನಿಮಿಷದ ದಾರಿಯಲ್ಲಿದ್ದ ವಸತಿಗೆ ತಲಪಲು ನಮಗೆ ಒಂದೂವರೆ ಗಂಟೆ ಹಿಡಿಯಿತು. ಅದೂ ಗಾಲಿಯ ಸೂಟ್‌ಕೇಸುಗಳನ್ನು ಸೇತುವೆ ಸೇತುವೆಗೂ ಎತ್ತಿ ಇಳಿಸುತ್ತ.

ಮೊದಲನೆಯ ತಪ್ಪು ವಿಳಾಸದ್ದು. ವೆನಿಸ್ ಆರು ಭಾಗಗಳಾಗಿ ಹಂಚಿಕೆಯಾಗಿದೆ, ಮನೆಯ ಸಂಖ್ಯೆಗಳು ಬೀದಿಗೆ ಸೇರಿದ್ದಲ್ಲ, ಇಡೀ ಭಾಗಕ್ಕೆ ಸೇರಿದ್ದು. ಕ್ಯಾನರೇಜೊ ಎಂದು ಬರೆದು ಮುಂದೆ ಸಾವಿರಗಳ ಒಂದು ಸಂಖ್ಯೆ ಬರೆದರೆ ಅಂಚೆಯವನಿಗೆ ಸಾಕು, ಹೊಸಬರಿಗೆ ಅದು ಒಗಟು. ಸರದಿಯಲ್ಲಿ ಮುಂದಿನ ಸಂಖ್ಯೆಯು ಮೂಲೆ ತಿರುಗಿದ ಬೇರೊಂದು ಓಣಿಯಲ್ಲಿರಬಹುದು. ಬೆಂಗಳೂರಿನ ಮೇನು, ಕ್ರಾಸುಗಳನ್ನು ಬೈಯುತ್ತಿದ್ದ ನನಗೆ ಅಂದು ಅವುಗಳ ಮೇಲೆ ಗೌರವ ಹುಟ್ಟಿತು. ನಾನು ಟೈಪ್ ಮಾಡಿದ ವಿಳಾಸವನ್ನು ನೆಟ್ ಇಲ್ಲದ ಆ್ಯಪ್ ಗುರುತಿಸಲಿಲ್ಲ, ಹತ್ತಿರದ್ದೆಂದು ತೋರಿಸಿದ ಜಾಗ ನಮ್ಮದಲ್ಲ. ಆದ್ದರಿಂದ ಸರ್, ಮನೆಯಲ್ಲಿ ನೆಟ್ ಇರುವಾಗಲೇ ಪ್ರತಿ ವಸತಿಯ ಬಾಗಿಲನ್ನೂ ನಕ್ಷೆಯಲ್ಲಿ ಹುಡುಕಿ, ಬೆರಳೊತ್ತಿ, ಪಿನ್ ಹಾಕಿ ಉಳಿಸಿಕೊಳ್ಳಿ. ನೆಟ್ ಇಲ್ಲದ ಪ್ರಯಾಣದಲ್ಲಿ ಕೈಕೊಡುವುದು ಉಪಗ್ರಹವಲ್ಲ, ಹುಡುಕಾಟ. ಹುಡುಕುವಾಗಲೂ ಅಲ್ಲಿನವರ ಹೆಸರನ್ನೇ ಬಳಸುವುದು ಲೇಸು: ಅವರಿಗೆ ವೆನಿಸ್ ಎಂದರೆ ವೆನೇಜಿಯಾ, ಫ್ಲಾರೆನ್ಸ್ ಎಂದರೆ ಫಿರೆಂಜೆ. ರೈಲಿನ ಫಲಕಗಳಲ್ಲಿಯೂ ಹಾಗೆಯೇ ಇರುತ್ತದೆ.

ಎರಡನೆಯದು ಓಣಿಗಳದ್ದು. ಕೈ ಚಾಚಿದರೆ ಎರಡೂ ಗೋಡೆ ತಾಗುವಂಥ ಓಣಿಯಲ್ಲಿ ಮೇಲೆ ಕಾಣುವುದು ಆಕಾಶದ ಒಂದು ಪಟ್ಟಿ ಮಾತ್ರ. ಸಂಕೇತಗಳು ನೇರವಾಗಿ ಬರದೆ ಗೋಡೆಗೆ ಬಡಿದು ಬರುತ್ತವೆ, ಹಾಗೆ ಸುತ್ತಿ ಬಂದ ದೂರವನ್ನು ಫೋನು ನಿಜವೆಂದೇ ಎಣಿಸುತ್ತದೆ. ನನ್ನ ಚುಕ್ಕೆ ಕಾಲುವೆಯ ಆಚೆ ದಡಕ್ಕೆ ಜಿಗಿಯಿತು. ಆ್ಯಪ್ ಅಲ್ಲಿಂದ ದಾರಿಯನ್ನು ಹೊಸದಾಗಿ ಲೆಕ್ಕಹಾಕಿತು. ನಾವು ಅದರ ಮಾತು ಕೇಳಿ ಹಿಂದಿರುಗಿದೆವು. ಚುಕ್ಕೆ ಮತ್ತೆ ಈಚೆಗೆ ಜಿಗಿಯಿತು. ಬೇರೆ ಊರಿನಲ್ಲಿ ಇಪ್ಪತ್ತು ಮೀಟರ್ ತಪ್ಪಿದರೆ ರಸ್ತೆಯ ಆ ಬದಿ, ಅಷ್ಟೆ. ವೆನಿಸ್‌ನಲ್ಲಿ ಮಧ್ಯೆ ನೀರಿದೆ, ಸೇತುವೆ ಎರಡು ಓಣಿಗಳಾಚೆ ಇದೆ. ಕಡೆಗೆ ಕಲಿತದ್ದೇನೆಂದರೆ, ಓಣಿಯಲ್ಲಿ ಫೋನನ್ನು ಕೇಳಲೇಬಾರದು. ಅಲ್ಲಿ ಕಾಂಪೊ ಎಂದು ಕರೆಯುವ ಚೌಕಗಳಿವೆ; ಒಂದು ಚೌಕದ ನಡುವೆ ನಿಂತು ಮುಂದಿನ ಚೌಕದ ದಾರಿ ನೋಡಿಕೊಂಡು, ಫೋನು ಜೇಬಿಗಿಟ್ಟು, ತಿರುವುಗಳನ್ನು ಎಣಿಸುತ್ತ ನಡೆಯಬೇಕು. ಗೋಡೆಗಳ ಮೇಲೆ ರಿಯಾಲ್ಟೊ, ಸಾನ್ ಮಾರ್ಕೊ, ರೈಲು ನಿಲ್ದಾಣದ ಕಡೆಗೆಂದು ಹಳದಿ ಫಲಕಗಳೂ ಇವೆ, ಅವುಗಳಿಗೆ ಬ್ಯಾಟರಿ ಬೇಡ.

ಇನ್ನೊಂದು ಮಾತು. ನಿಂತಲ್ಲೇ ನಿಂತಿರುವಾಗ ನೀವು ಯಾವ ದಿಕ್ಕಿಗೆ ಮುಖ ಮಾಡಿದ್ದೀರಿ ಎಂಬುದು ಜಿಪಿಎಸ್‌ಗೆ ತಿಳಿಯುವುದಿಲ್ಲ. ಆ ಬಾಣವನ್ನು ತೋರಿಸುವುದು ಫೋನಿನೊಳಗಿನ ದಿಕ್ಸೂಚಿ, ಅಯಸ್ಕಾಂತವಿರುವ ಮೊಬೈಲ್ ಕವರ್ ಹಾಕಿದ್ದರೆ ಅದು ಸುಳ್ಳು ಹೇಳುತ್ತದೆ. ಅನುಮಾನ ಬಂದರೆ ಹತ್ತು ಹೆಜ್ಜೆ ನಡೆದು ಚುಕ್ಕೆ ಯಾವ ಕಡೆ ಸರಿಯಿತೆಂದು ನೋಡಿ.

ಉತ್ತರ: ಇ-ಸಿಮ್ ಪಕ್ಷಪಾತಿ

ಇಷ್ಟೆಲ್ಲ ತಾಪತ್ರಯ ಏಕೆ? ಒಂದು ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಸೇರಿಸಿಕೊಳ್ಳುವ ಸಿಮ್) ಕೊಂಡುಕೊಂಡರೆ ಮುಗಿಯಿತಲ್ಲವೇ? ಆದರೆ ಒಂದು ಎಚ್ಚರಿಕೆ: ಸ್ವಿಟ್ಜರ್ಲೆಂಡ್ ಯೂರೋಪಿಯನ್ ಒಕ್ಕೂಟದ ಸದಸ್ಯ ದೇಶವಲ್ಲ. ‘ಯೂರೋಪ್’ ಎಂದು ಬರೆದಿರುವ ಎಲ್ಲ ಪ್ಲಾನ್‌ಗಳಲ್ಲೂ ಅದು ಸೇರಿರುವುದಿಲ್ಲ; ದೇಶಗಳ ಪಟ್ಟಿಯನ್ನು ಓದಿಯೇ ಹಣ ಕಟ್ಟಬೇಕು.

ಉತ್ತರ: ಚಾರಣದ ಹುಚ್ಚು

ಇ-ಸಿಮ್ ಇದ್ದರೂ ಆಲ್ಪ್ಸ್‌ನ ಎಲ್ಲ ಕಾಲುದಾರಿಗಳಲ್ಲಿಯೂ ಟವರ್ ಸಿಗುತ್ತದೆ ಎನ್ನುವಂತಿಲ್ಲ, ಆದ್ದರಿಂದ ನಕ್ಷೆಯನ್ನು ಇಳಿಸಿಕೊಂಡೇ ಹೊರಡುವುದು ಒಳ್ಳೆಯದು. ಲೌಟರ್‌ಬ್ರುನೆನ್‌ನಲ್ಲಿ ಸ್ವಿಸ್ ಸರಕಾರದ ಭೂಮಾಪನ ಕಚೇರಿಯ ಸ್ವಿಸ್‌ಟೋಪೋ ಆ್ಯಪ್ ಬಳಸಿ; ಅಲ್ಲಿನ ಬೆಟ್ಟಗಳ ಸಮೋನ್ನತಿ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು) ಅಷ್ಟು ಚೆನ್ನಾಗಿ ತೋರಿಸುವ ನಕ್ಷೆ ನಾನು ಬೇರೆ ಕಂಡಿಲ್ಲ. ರೇಖೆಗಳ ಮಾತು ಏಕೆ ಬಂತೆಂದರೆ, ಆ ಕಣಿವೆಯ ಎರಡೂ ಕಡೆ ಗೋಡೆಯಂತೆ ನೆಟ್ಟಗೆ ನಿಂತ ಬಂಡೆಗಳಿವೆ. ಊರಿನ ಪಕ್ಕದಲ್ಲೇ ಧುಮುಕುವ ಸ್ಟೌಬಾಖ್ ಜಲಪಾತದ ಎತ್ತರ 297 ಮೀಟರ್. ಮೇಲಿರುವ ಮ್ಯೂರೆನ್ ಹಳ್ಳಿ ಸಾಧಾರಣ ನಕ್ಷೆಯಲ್ಲಿ ಕೂಗಳತೆಯಲ್ಲಿದೆ ಎನಿಸುತ್ತದೆ. ನಿಜದಲ್ಲಿ ಅದು 1,638 ಮೀಟರ್ ಎತ್ತರದಲ್ಲಿದೆ, ನೀವು ನಿಂತಿರುವ ಜಾಗ ಸುಮಾರು 800. ಕೇಬಲ್ ಕಾರಿನಲ್ಲಿ ಗ್ರುಟ್ಶಾಲ್ಪ್‌ವರೆಗೆ ಏರಿ, ಅಲ್ಲಿಂದ ಪುಟ್ಟ ರೈಲಿನ ಹಳಿಯ ಪಕ್ಕದ ದಾರಿಯಲ್ಲಿ ಮ್ಯೂರೆನ್‌ಗೆ ನಡೆಯಿರಿ. ಹೆಚ್ಚು ಏರಿಳಿತವಿಲ್ಲದ ದಾರಿ ಅದು, ಆಕಾಶವೂ ತೆರೆದಿರುವುದರಿಂದ ಚುಕ್ಕೆ ಅಲುಗಾಡದೆ ನಿಲ್ಲುತ್ತದೆ. ಅಲ್ಲಿನ ಹಳದಿ ಫಲಕಗಳಲ್ಲಿ ಬರೆದಿರುವುದು ಕಿಲೋಮೀಟರ್ ಅಲ್ಲ, ನಡೆಯಲು ಹಿಡಿಯುವ ಸಮಯ. ನಮ್ಮ ವಯಸ್ಸಿನವರು ಅದಕ್ಕೆ ಅರ್ಧದಷ್ಟು ಸೇರಿಸಿಕೊಳ್ಳಬೇಕು.

ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ನಡೆಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಆದರೆ ಬೆಟ್ಟದಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಅದನ್ನು ತೆಗೆದು 112ಕ್ಕೆ ಕರೆ ಮಾಡಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿ. ಹೆಲಿಕಾಪ್ಟರಿನಲ್ಲಿ ಬಂದು ಅಪಾಯದಲ್ಲಿರುವವರನ್ನು ಕಾಪಾಡುವ ಸ್ವಿಸ್ ಸಂಸ್ಥೆ ರೇಗಾದ ಸಂಖ್ಯೆ 1414. ಅಕ್ಷಾಂಶ ರೇಖಾಂಶಗಳನ್ನು ಫೋನಿನಲ್ಲಿ ಎಲ್ಲಿ ನೋಡಿ ಓದಬೇಕೆಂದು ಮೇಡಂ ಅವರಿಗೂ ಕಲಿಸಿಕೊಡಿ. ಕಾಲು ಉಳುಕುವುದು ನಿಮ್ಮದೇ ಆಗಿರಬಹುದು.

ಮೈಸೂರು ಮೇಷ್ಟ್ರು (ಮೂರು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಓದಿದ ಮೇಲೆ ಸುಮ್ಮನಿರಲಾರದೆ ಮೈಸೂರಿನಲ್ಲೇ ಒಂದು ಪ್ರಯೋಗ ಮಾಡಿದೆ. ನಕ್ಷೆ ಇಳಿಸಿಕೊಂಡು, ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ ಇಬ್ಬರೂ ಮನೆಯಿಂದ ಹೊರಟೆವು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಚುಕ್ಕೆ ನಮ್ಮ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯಿತು. ದೇವರಾಜ ಮಾರುಕಟ್ಟೆಯೊಳಗೆ ಹೂವಿನ ಸಾಲಿನಲ್ಲಿ ನಿಂತಾಗ ಮಾತ್ರ ಅದು ನಮ್ಮನ್ನು ಸಯ್ಯಾಜಿರಾವ್ ರಸ್ತೆಯ ನಡುವೆ ನಿಲ್ಲಿಸಿತ್ತು. ಧಾರವಾಡದ ಮೇಡಂ ಹೇಳಿದ ಕಾಲುವೆ ಆಗ ಅರ್ಥವಾಯಿತು. ಗೂಗಲ್‌ನಲ್ಲಿ ನಡೆಯುವ ದಾರಿ ಕೇಳಿದರೆ ಕೊಡಲಿಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್ ಕೊಟ್ಟಿತು. ಉಳಿದಿರುವುದು ಒಂದೇ ಸಂದೇಹ: ರೈಲಿನಲ್ಲಿ ಕುಳಿತಾಗಲೂ ಇದು ನಡೆಯುತ್ತದೆಯೇ? ಎಲ್ಲಿ ಇಳಿಯಬೇಕೆಂಬ ಆತಂಕ ನನಗೆ ಯಾವಾಗಲೂ ಇದ್ದದ್ದೇ.

ಉತ್ತರ: ಮ್ಯೂನಿಕ್ ಕನ್ನಡಿಗ

ನಡೆಯುತ್ತದೆ ಸರ್, ಆದರೆ ಅಲ್ಲಿನ ಹಲವು ರೈಲುಗಳ ಗಾಜಿಗೆ ಲೋಹದ ತೆಳುಲೇಪವಿರುವುದರಿಂದ ಸಂಕೇತ ಸೊರಗುತ್ತದೆ; ಫೋನನ್ನು ಕಿಟಕಿಗೆ ಆನಿಸಿ ಹಿಡಿಯಬೇಕು. ಸ್ಪೀಟ್ಸ್‌ನಿಂದ ಮಿಲಾನ್‌ಗೆ ಹೋಗುವ ನಿಮ್ಮ ದಾರಿಯಲ್ಲಿ 34.6 ಕಿಲೋಮೀಟರ್ ಉದ್ದದ ಲೋಟ್ಶ್‌ಬರ್ಗ್ ತಳಸುರಂಗ (ಬೆಟ್ಟದ ಬುಡದಲ್ಲಿ ಕೊರೆದ ಸುರಂಗ) ಬರುತ್ತದೆ, ಬ್ರಿಗ್ ದಾಟಿದ ಮೇಲೆ ಸುಮಾರು 20 ಕಿಲೋಮೀಟರಿನ ಸಿಂಪ್ಲಾನ್ ಸುರಂಗ ಬರುತ್ತದೆ. ಒಳಗೆ ಚುಕ್ಕೆ ಸುರಂಗದ ಬಾಯಲ್ಲೇ ಅಂಟಿಕೊಂಡಿರುತ್ತದೆ, ಆಗ ಫೋನು ಕೆಟ್ಟಿತೆಂದು ಆರಿಸಿ ಹಚ್ಚಬೇಡಿ. ಸಿಂಪ್ಲಾನ್ ದಾಟಿ ಬೆಳಕಿಗೆ ಬಂದ ಸ್ವಲ್ಪ ಹೊತ್ತಿಗೆ ಅದು ಇಟಲಿಗೆ ಜಿಗಿದಿರುತ್ತದೆ, ಮುಂದಿನ ದೊಡ್ಡ ನಿಲ್ದಾಣ ದೋಮೊದೊಸೊಲಾ. ನೀವು ಇಳಿಯಬೇಕಾದದ್ದು ಅಲ್ಲಲ್ಲ.